ಅಟ್ಟದ ಲೆಕ್ಕ, ನೆಲದ ಲೆಕ್ಕ

(ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ನೊಣವಿನಕೆರೆ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ತೋಟದ ಮನೆ. ಕೆಳಗೆ ಹಳೆಯ ಹಜಾರ, ಹಿತ್ತಿಲಲ್ಲಿ ಕೊಬ್ಬರಿ ಮನೆ, ಮೇಲೆ ಈ ವರ್ಷ ಎಬ್ಬಿಸಿದ ಒಂದೇ ಒಂದು ಕೋಣೆ. ಕಾರ್ತಿಕ ಮಾಸ, ಬೆಳಿಗ್ಗೆ ಹತ್ತು ಗಂಟೆ. ಬೆಂಗಳೂರಿನ ಲಾರಿಯೊಂದು ಅಂಗಳದಲ್ಲಿ ನಿಂತಿದೆ. ಮಾತಾಡುತ್ತಿರುವವರು ಮನೆಯ ಹಿರಿಯರು ಮತ್ತು ಅವರ ತಮ್ಮನ ಮಗಳು.)

ದೊಡ್ಡಪ್ಪ: ಏನವ್ವಾ ಇದು, ಕಟ್ಟು ಕಟ್ಟು ಇಳಿಸ್ತಾ ಅವ್ರೆ? ಕಿಟಕಿ ಬಾಗಿಲು ಎಲ್ಲಾ ಮುಗಿದ್ವಲ್ಲ?

ಮಗಳು: ಇದು ನೆಲ, ದೊಡ್ಡಪ್ಪ. ಮೇಲಿನ ಕೋಣೆಗೆ ತೇಗದ ಹಲಗೆ ಹಾಸಿಸ್ತೀನಿ ಅಂದಿದ್ನಲ್ಲ, ಅದೇ.

ದೊಡ್ಡಪ್ಪ: ನೀನು ತಮಾಷೆಗೆ ಅಂದೆ ಅಂದ್ಕೊಂಡಿದ್ದೆ. ಹಲಗೆ ನೆಲ ಅನ್ನೋದು ಮಲೆನಾಡಿನೋರದ್ದು. ಅವರ ಹತ್ರ ಮರ ಇತ್ತು, ಉಪ್ಪರಿಗೆಗೆ ಹಾಸಿದ್ರು. ನಮ್ಮ ಸೀಮೇಲಿ ಗಾರೆ ಆಯ್ತು, ಕಡಪಾ ಕಲ್ಲಾಯ್ತು, ರೆಡ್ ಆಕ್ಸೈಡ್ ಆಯ್ತು, ಈಗ ಟೈಲ್ಸು. ಮರದ ನೆಲ ಇಲ್ಲಿ ಯಾರ ಮನೇಲಿ ಐತೆ?

ಮಗಳು: ನಿಮ್ಮ ಕೊಬ್ಬರಿ ಮನೇಲೇ ಇದೆಯಲ್ಲ! ಅಟ್ಟ ಅಂದ್ರೆ ಮತ್ತೇನು?

ದೊಡ್ಡಪ್ಪ: ಅದು ಕಾಯಿ ಮಲಗೋ ನೆಲ ಕಣವ್ವ, ಮನುಷ್ಯರು ಮಲಗೋದಲ್ಲ. ತೊಲೆ ಮೇಲೆ ದಬ್ಬೆ ಬಡಿದಿದೀವಿ. ದಬ್ಬೆ ದಬ್ಬೆಗೂ ಬೆರಳು ತೂರೋ ಅಷ್ಟು ಸಂದು. ಕೆಳಗಿನ ಗಾಳಿ ಮೇಲಕ್ಕೆ ಹೋಗ್ಬೇಕು, ಇಲ್ಲಾಂದ್ರೆ ಕಾಯಿ ಒಣಗಲ್ಲ. ನಿನ್ನ ನೆಲಕ್ಕೂ ಸಂದು ಬಿಡ್ತಾರಾ?

ಮಗಳು: ಹಲಗೆ ಹಲಗೆಗೆ ಸಂದು ಇರಲ್ಲ. ಒಂದು ಅಂಚಿಗೆ ನಾಲಿಗೆ ಇರುತ್ತೆ, ಇನ್ನೊಂದು ಅಂಚಿಗೆ ಆ ನಾಲಿಗೆ ಕೂರೋ ತೋಡು. ಒಂದರೊಳಗೆ ಒಂದು ಕೂತ್ಕೊಳ್ಳುತ್ತೆ. ಸಂದು ಬಿಡೋದು ಗೋಡೆ ಹತ್ರ. ಅದರ ಲೆಕ್ಕ ಆಮೇಲೆ ಹೇಳ್ತೀನಿ, ಡ್ರೈವರ್ ಚೀಟಿಗೆ ಸಹಿ ಕೇಳ್ತಾ ಇದಾನೆ.

ದೊಡ್ಡಪ್ಪ: ತಾಳು, ತಾಳು. ಎಣಿಸದೆ ಸಹಿ ಹಾಕ್ತೀಯಾ? ತಿಪಟೂರಿನ ಮಾರ್ಕೆಟ್ಟಿಗೆ ನಲವತ್ತು ವರ್ಷ ಕೊಬ್ಬರಿ ಹೊತ್ತಿದೀನಿ. ಒಂದು ದಿನಾನೂ ತೂಕ ನೋಡದೆ ಚೀಟಿ ಇಸ್ಕೊಂಡೋನಲ್ಲ. ಎಷ್ಟು ಬರಬೇಕಿತ್ತು?

ಮಗಳು: ಕೋಣೆ 12 ಅಡಿ ಅಗಲ, 15 ಅಡಿ ಉದ್ದ. ಅಂದ್ರೆ 180 ಚದರಡಿ. ಕತ್ತರಿಸುವಾಗ ವ್ಯರ್ಥ ಆಗುತ್ತೆ, ಕೆಲವು ಹಲಗೆ ಸೊಟ್ಟ ಬರುತ್ತವೆ, ಅದಕ್ಕೇ ಶೇ. 10ರಷ್ಟು ಹೆಚ್ಚು ತರಿಸಬೇಕು. 200 ಚದರಡಿ ಹೇಳಿದೆ. ಕಟ್ಟಿಗೆ 20 ಚದರಡಿ, ಒಟ್ಟು ಹತ್ತು ಕಟ್ಟು.

ದೊಡ್ಡಪ್ಪ: ಇಳಿಸಿರೋದು ಒಂಬತ್ತು, ಲಾರೀಲಿ ಇನ್ನೊಂದು. ಲೆಕ್ಕ ಸರಿ. ಆದ್ರೆ ಆ ಕೊನೇ ಕಟ್ಟು ನೋಡು, ಪ್ಲಾಸ್ಟಿಕ್ ಹರಿದು ಮೂಲೆ ಕಪ್ಪಗೆ ಆಗೈತೆ. ದಾರೀಲಿ ಮಳೆಗೆ ಸಿಕ್ಕಿರ್ಬೇಕು.

ಮಗಳು: ಹೌದಲ್ಲ! ಫೋಟೋ ತೆಗೀತೀನಿ. ‘ಒಂದು ಕಟ್ಟು ನೆನೆದಿದೆ’ ಅಂತ ಚೀಟಿ ಮೇಲೆ ಬರೆದೇ ಸಹಿ ಹಾಕ್ತೀನಿ.

ದೊಡ್ಡಪ್ಪ: ಹಾಂ, ಹಂಗೆ. ಲಾರಿ ಊರು ಬಿಟ್ಟ ಮೇಲೆ ಹೇಳಿದ್ರೆ ನಿನ್ನ ಮನೇಲೇ ನೆನೆದಿದ್ದು ಅಂತಾರೆ. ಏ ತಮ್ಮಾ, ಕಟ್ಟನ್ನ ಮೂಲೆ ಮೇಲೆ ಕುಕ್ಕಬೇಡಪ್ಪಾ, ನಾಲಿಗೆ ಮುರೀತದೆ! ಇಬ್ರು ಹಿಡ್ಕೊಂಡು ಮಲಗಿಸಿ. ಎಲ್ಲಿ ಇಡ್ಸೋಣ? ಕೊಬ್ಬರಿ ಮನೆ ಬಾಗಿಲು ತೆಗೆಸ್ಲಾ? ಅಟ್ಟದ ಕೆಳಗೆ ಬೇಕಾದಷ್ಟು ಜಾಗ ಐತೆ.

ಮಗಳು: ಅಲ್ಲಿ ಬೇಡ ದೊಡ್ಡಪ್ಪ. ಅಲ್ಲಿ ಎಷ್ಟು ಕಾಯಿ ಇವೆ ಈಗ?

ದೊಡ್ಡಪ್ಪ: ಹನ್ನೆರಡು ಸಾವಿರದ ಹತ್ರ.

ಮಗಳು: ಒಂದೊಂದು ಕಾಯೊಳಗಿನ ನೀರೂ ಆರ್ತಾ ಇದೆ. ಆರಿದ ನೀರು ಆ ಮನೆ ಗಾಳೀಲೇ ತಾನೆ ಇರೋದು? ಒಣಗಿಸಿ ತಂದ ಹಲಗೇನ ಅಲ್ಲಿ ಇಟ್ರೆ ಅದು ಮತ್ತೆ ನೀರು ಕುಡಿಯುತ್ತೆ.

ದೊಡ್ಡಪ್ಪ: ಒಣಗಿದ ಮರ ಮತ್ತೆ ಗಾಳಿಯಿಂದ ನೀರು ಕುಡೀತದಾ? ಒಂದ್ಸಲ ಒಣಗಿದ ಮೇಲೆ ಮುಗೀತಲ್ಲ?

ಮಗಳು: ಮಳೆಗಾಲದಲ್ಲಿ ನಮ್ಮ ತಲೆಬಾಗಿಲು ಯಾಕೆ ಹಿಡ್ಕೊಳ್ಳುತ್ತೆ?

ದೊಡ್ಡಪ್ಪ: ಉಬ್ಬತದೆ. ಅದಕ್ಕೂ ಇದಕ್ಕೂ... ಹಾಂ, ಸರಿ. ಬೇಸಿಗೇಲಿ ಅದೇ ಬಾಗಿಲಿನ ಸಂದೀಲಿ ಬೆಳಕು ಬರ್ತದೆ. ನಮ್ಮಪ್ಪ ಮಾಡಿಸಿದ ಹಲಸಿನ ಬಾಗಿಲು, ಅರವತ್ತು ವರ್ಷ ಆಯ್ತು. ಇನ್ನೂ ಉಬ್ಬತಾ ಕುಗ್ಗತಾನೇ ಐತೆ. ಕೊಬ್ಬರೀನೂ ಅಷ್ಟೇ. ಎಷ್ಟು ಒಣಗಿದ್ದಾದ್ರೂ ಜಡಿಮಳೇಲಿ ಚೀಲದಲ್ಲಿ ಕಟ್ಟಿಟ್ರೆ ಬೂಷ್ಟು ಹಿಡೀತದೆ.

ಮಗಳು: ಅಷ್ಟೇ ವಿಷಯ. ಮರ ಕಡಿದು ಎಷ್ಟು ವರ್ಷ ಆದ್ರೂ ಸುತ್ತಲ ಗಾಳಿ ಜೊತೆ ನೀರಿನ ಕೊಡು-ಕೊಳ್ಳು ನಿಲ್ಲಿಸಲ್ಲ. ಆ ಗಾಳಿಗೆ ಒಗ್ಗೋ ತನಕ ಹಲಗೇನ ಸುಮ್ಮನೆ ಇಡ್ಬೇಕು, ಆಮೇಲೆ ಮೊಳೆ. ಅವಸರ ಪಟ್ಟು ಹೊಡೆದ್ರೆ ಹೊಡೆದ ಮೇಲೆ ಒಗ್ಗೋಕೆ ಶುರು ಮಾಡುತ್ತೆ. ಆಗ ಒಂದೋ ಹಲಗೆಗಳ ನಡುವೆ ಬಾಯಿ ಬಿಡುತ್ತೆ, ಇಲ್ಲಾ ಉಬ್ಬಿ ನೆಲ ಬಿಟ್ಟು ಏಳುತ್ತೆ.

ದೊಡ್ಡಪ್ಪ: ಎಷ್ಟು ನೀರು ಕುಡಿದೈತೆ ಅಂತ ಹೆಂಗೆ ಗೊತ್ತಾಗೋದು? ಕಾಯಿ ಆದ್ರೆ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀವಿ. ನೀರು ಕುಲುಕಿದ್ರೆ ಹಸಿ. ಒಳಗೆ ಗಿಟುಕು ಕಂಟ ಬಿಟ್ಟು ಲೊಟಲೊಟ ಅಂದ್ರೆ ಆಯ್ತು. ಹಲಗೆ ಅಲ್ಲಾಡಿಸಿದ್ರೆ ಏನು ಸದ್ದು ಬರ್ತದೆ?

ಮಗಳು: ಇಗೋ, ಇದು ಮೀಟರು. ಎರಡು ಮುಳ್ಳು ಇವೆಯಲ್ಲ, ಹಲಗೆಗೆ ಚುಚ್ಚಿದ್ರೆ ಅಂಕಿ ತೋರ್ಸುತ್ತೆ. 12 ಅಂತ ಬಂದ್ರೆ, ಪೂರ್ತಿ ಒಣಗಿಸಿದ ನೂರು ಗ್ರಾಂ ಮರಕ್ಕೆ ಹನ್ನೆರಡು ಗ್ರಾಂ ನೀರು ಅಂತ ಅರ್ಥ.

ದೊಡ್ಡಪ್ಪ: ಸರ್ಕಾರದ ಖರೀದಿ ಕೇಂದ್ರದಲ್ಲೂ ಕೊಬ್ಬರಿ ತೇವ ನೋಡ್ತಾರೆ. ಚುಚ್ಚು ನೋಡಣ. ಒಂದೊಂದು ಕಟ್ಟಿಂದ ಮೂರು ಮೂರು ಹಲಗೆ ತೆಗಿ. ಮೇಲಿಂದ ಒಂದು, ನಡುವಿಂದ ಒಂದು, ತಳದಿಂದ ಒಂದು. ಚೀಲದ ಬಾಯಲ್ಲಿರೋ ಕೊಬ್ಬರಿ ನೋಡಿ ಚೀಲ ಕೊಳ್ಳೋಕಾಗಲ್ಲ.

ಮಗಳು: 11... 12... 11... 10... ಒಂಬತ್ತು ಕಟ್ಟಲ್ಲಿ ಎಂಟಕ್ಕೆ 10ರಿಂದ 12ರ ಒಳಗೆ. ಒಂದಕ್ಕೆ 13. ನೆನೆದ ಕಟ್ಟಿನ ಮೂಲೆ... 18!

ದೊಡ್ಡಪ್ಪ: ಅದನ್ನ ಬೇರೆ ಇಡು. ಹಸಿ ಕಾಯಿ ಬೆರೆತ್ರೆ ಇಡೀ ರಾಶಿ ಕೌಟು. ಅಂಗಡಿಯೋರಿಗೆ ಹೇಳಿ ಬದಲಾಯಿಸ್ಕೊ.

ಮಗಳು: ಉಳಿದದ್ದನ್ನ ಮೇಲಿನ ಕೋಣೇಲಿ ಹದಿನೈದು ದಿನ ಇಟ್ಟು, ಈ ತಿಂಗಳ ಕೊನೇಲಿ ಹಾಸಿಬಿಡೋಣ ಅಂತ ಇದೀನಿ. ಮರಗೆಲಸದ ಆಚಾರ್ರು ಆಗ ಬಿಡುವಾಗಿದಾರಂತೆ. ಅವರಂತೂ ನಾಳೇನೇ ಶುರು ಮಾಡೋಣ ಅಂತಿದಾರೆ.

ದೊಡ್ಡಪ್ಪ: ಆ ಕೋಣೆ ನೆಲಕ್ಕೆ ಗಾರೆ ಎಳೆದಿದ್ದು ಯಾವಾಗ?

ಮಗಳು: ದಸರಾ ಕಳೆದ ಮೇಲೆ. ಐದು ವಾರ ಆಯ್ತು. ಕಾಲಿಟ್ಟು ನೋಡಿ, ಒಣಗಿ ಬೆಳ್ಳಗಾಗಿದೆ.

ದೊಡ್ಡಪ್ಪ: ಮೇಲೆ ಬೆಳ್ಳಗಾಗೈತೆ. ಕಾಯಿನೂ ಹೊರಗೆ ಒಣಗಿ ಬೆಳ್ಳಗಿರ್ತದೆ, ಒಡೆದ್ರೆ ಒಳಗೆ ನೀರು.

ಮಗಳು: ಅದನ್ನೂ ಪರೀಕ್ಷೆ ಮಾಡಬಹುದು. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೇನ ನೆಲದ ಮೇಲೆ ಹರಡಿ, ನಾಲ್ಕು ಅಂಚಿಗೂ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಡ್ಬೇಕು. ತೆಗೆದಾಗ ಹಾಳೆ ಕೆಳಗೆ ಹನಿ ಇದ್ರೆ, ಇಲ್ಲಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ರೆ, ಗಾರೆ ಇನ್ನೂ ಹಸಿ.

ದೊಡ್ಡಪ್ಪ: ಅಂಟಿಸು. ಹಲಗೇನ ಸದ್ಯಕ್ಕೆ ಹಜಾರದಲ್ಲೇ ಇಡಣ. ಕೆಳಗೆ ರೀಪರ್ ಹಾಕ್ಸು, ಗೋಡೆಗೆ ತಗಲಿಸಬೇಡ.

ಮಗಳು: ಪ್ರತಿ ಸಾಲಿಗೂ ಮೂರು ಮೂರು ರೀಪರ್ ಅಡ್ಡ ಇಟ್ಟು ಪೇರಿಸ್ತೀನಿ. ನಾಲ್ಕೂ ಕಡೆಯಿಂದ ಗಾಳಿ ಆಡುತ್ತೆ. ಗೋಡೆಗೆ ನಿಲ್ಲಿಸಿದ್ರೆ ಬಿಲ್ಲಿನ ಹಾಗೆ ಬಾಗಿಬಿಡುತ್ತಂತೆ.

ದೊಡ್ಡಪ್ಪ: ಹಂಗಾದ್ರೆ ನೀನೂ ಅಟ್ಟಾನೇ ಕಟ್ತಾ ಇದೀಯ ಅನ್ನು!

(ಮೂರನೆಯ ದಿನ, ಸಂಜೆ, ಮೇಲಿನ ಕೋಣೆ.)

ದೊಡ್ಡಪ್ಪ: ಕೀಳು ಟೇಪು. ಹಾಂ, ನೋಡು! ರಾಗಿಕಾಳಿನಂಗೆ ಹನಿ ನಿಂತಾವೆ.

ಮಗಳು: ನೆಲವೂ ಕಪ್ಪಾಗಿದೆ. ಎರಡಿಂಚು ಗಾರೆ ದೊಡ್ಡಪ್ಪ. ಇಂಚಿಗೆ ಒಂದು ತಿಂಗಳು ಅಂತ ಕಟ್ಟಡದೋರ ಅಂದಾಜು. ಎರಡು ತಿಂಗಳಾದ್ರೂ ಆಗ್ಬೇಕಿತ್ತು.

ದೊಡ್ಡಪ್ಪ: ಅದೂ ಬಿಸಿಲಿದ್ರೆ. ಈ ಸಲ ಹಿಂಗಾರು ಬಿಡದೆ ಹಿಡೀತು. ಪೇಂಟಿನೋರು ಇನ್ನೊಂದು ಕೋಟು ಹೊಡೀಬೇಕು. ಆ ನೀರೆಲ್ಲ ಎಲ್ಲಿಗೆ ಹೋಗ್ತದೆ? ಇದೇ ಕೋಣೆ ಗಾಳಿಗೆ. ಸಂಕ್ರಾಂತಿವರೆಗೂ ಹಲಗೆ ಮೇಲಕ್ಕೆ ತರೋ ಮಾತೇ ಇಲ್ಲ.

ಮಗಳು: ಸಂಕ್ರಾಂತಿವರೆಗಾ? ಆಚಾರ್ರು ಬೇರೆ ಕೆಲಸ ಹಿಡ್ಕೊಂಡು ಹೋಗ್ತಾರೆ.

ದೊಡ್ಡಪ್ಪ: ಹೋಗ್ಲಿ, ತಿರುಗಿ ಬರ್ತಾರೆ. ಅಟ್ಟಕ್ಕೆ ಕಾಯಿ ಏರಿಸಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ. ಮಗಳ ಮದುವೆ ಇರ್ಲಿ, ಸೊಸೈಟಿ ಸಾಲ ಇರ್ಲಿ, ನೀರು ಇಂಗದೆ ಕಾಯಿ ಒಡೆಯಲ್ಲ. ರೇಟು ಏರಿದಾಗ ಆಸೆಬಿದ್ದು ಒಡೆದೋರು ಅವ್ರೆ. ಅವರ ಕೊಬ್ಬರೀನ ದಲ್ಲಾಳಿ ಮೂಸಿ ನೋಡಿ ಪಕ್ಕಕ್ಕೆ ಸರಿಸ್ತಾನೆ. ನಿಂದು ಎರಡು ತಿಂಗಳ ಮಾತು.

ಮಗಳು: ಸರಿ, ಕಾಯ್ತೀನಿ. ಕಾಯೋ ಹೊತ್ತಲ್ಲಿ ಮಟ್ಟ ನೋಡ್ಬಿಡೋಣ. ಎರಡು ಮೀಟರ್ ಉದ್ದಕ್ಕೆ ಮೂರು ಮಿಲಿಮೀಟರ್‌ಗಿಂತ ಹೆಚ್ಚು ಏರುತಗ್ಗು ಇರಬಾರದು.

ದೊಡ್ಡಪ್ಪ: ರಸಮಟ್ಟ ಒಂದೇ ಸಾಲದು. ಗಾರೆಯೋರ ಅಲ್ಯೂಮಿನಿಯಂ ಪಟ್ಟಿ ಕೆಳಗೈತೆ, ಅದನ್ನ ನೆಲದ ಮೇಲೆ ಇಟ್ಟು ಈ ಬದಿಯಿಂದ ಟಾರ್ಚ್ ಬಿಡು. ಬೆಳಕು ಆಚೆ ಕಡೆ ಕಂಡ ಜಾಗ ತಗ್ಗು. ಅಲ್ಲಿ, ಕಿಟಕಿ ಕೆಳಗೆ ಕಾಣ್ತಾ?

ಮಗಳು: ಕಾಣ್ತು, ಕಾಲಿಂಚು ತಗ್ಗಿದೆ. ಸೀಮೆಸುಣ್ಣದಲ್ಲಿ ಸುತ್ತು ಹಾಕ್ತೀನಿ. ಹಾಗೇ ಬಿಟ್ರೆ ಅಲ್ಲಿ ಹಲಗೆ ಕೆಳಗೆ ಟೊಳ್ಳು ಉಳಿಯುತ್ತೆ, ಕಾಲಿಟ್ಟಾಗೆಲ್ಲ ಕಿರ್ ಅನ್ನುತ್ತೆ.

ದೊಡ್ಡಪ್ಪ: ಈಗಲೇ ತುಂಬಿಸು, ಅದೂ ಒಣಗಬೇಕಲ್ಲ. ಹಲಗೇನ ಗಾರೆ ಮೇಲೇ ಬಡೀತಾರಾ?

ಮಗಳು: ಇಲ್ಲ. ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಡಿಗೊಂದರಂತೆ ರೀಪರ್. ರೀಪರನ್ನ ನೆಲಕ್ಕೆ ಬಿಗಿದು, ಹಲಗೆ ನಾಲಿಗೆ ಮೇಲೆ ಓರೆಯಾಗಿ ಮೊಳೆ ಹೊಡೀತಾರೆ. ಮುಂದಿನ ಹಲಗೆ ಬಂದು ಮುಚ್ಚೋದ್ರಿಂದ ಮೊಳೆ ತಲೆ ಕಾಣಲ್ಲ.

ದೊಡ್ಡಪ್ಪ: ರೀಪರ್ ಎಷ್ಟು ದಪ್ಪ?

ಮಗಳು: ಒಂದೂವರೆ ಇಂಚು. ಹಲಗೆ ಮುಕ್ಕಾಲು ಇಂಚು.

ದೊಡ್ಡಪ್ಪ: ಅಂದ್ರೆ ಎರಡೂಕಾಲು. ಹೊಸ್ತಿಲು ಎಷ್ಟು ಎತ್ತರ ಐತೆ ಅಳೆದಿದೀಯಾ?

ಮಗಳು: ಹೊಸ್ತಿಲಾ? ಅದು... ಎರಡಿಂಚು.

ದೊಡ್ಡಪ್ಪ: ನಿನ್ನ ನೆಲ ಹೊಸ್ತಿಲನ್ನ ನುಂಗಿ ಕಾಲಿಂಚು ಮೇಲೆ ಕೂರ್ತದೆ. ಬಾಗಿಲು ತೆಗೆಯೋಕೇ ಬರಲ್ಲ. ಬಾಗಿಲ ತಳ ಕುಯ್ದ್ರೂ ಹೊಸ್ತಿಲು ಹಳ್ಳದಲ್ಲಿ. ಅರಿಶಿನ ಕುಂಕುಮ ಇಡೋಕೆ ನಿಮ್ಮ ದೊಡ್ಡಮ್ಮ ಎಲ್ಲಿ ಬಗ್ಗಬೇಕು?

ಮಗಳು: ಅಯ್ಯೋ! ಗೋಡೆ ಅಳೆದೆ, ಕಿಟಕಿ ಅಳೆದೆ, ಹೊಸ್ತಿಲು ಕಣ್ಣಿಗೇ ಬೀಳಲಿಲ್ಲ.

ದೊಡ್ಡಪ್ಪ: ನೀನು ಬೆಂಗಳೂರಲ್ಲಿ ಕೂತು ನಕ್ಷೆ ಬರೆದೆ, ನಕ್ಷೇಲಿ ಹೊಸ್ತಿಲು ಒಂದು ಗೀಟು. ಇಲ್ಲಿ ಅದು ದಾಟೋ ವಸ್ತು. ಈಗ ಒಂದಿಂಚಿನ ರೀಪರ್ ಹಾಕ್ಸು. ಒಂದೂಮುಕ್ಕಾಲು ಆಯ್ತದೆ, ಹೊಸ್ತಿಲು ಕಾಲಿಂಚು ಮೇಲುಳೀತದೆ.

ಮಗಳು: ಹಾಗಾದ್ರೆ ಮೊಳೆ ಅಳತೇನೂ ಬದಲಾಗಬೇಕು, ಇಲ್ಲಾಂದ್ರೆ ತುದಿ ರೀಪರ್ ದಾಟಿ ಗಾರೆಗೆ ಬಡಿಯುತ್ತೆ. ಬರ್ಕೊಂಡೆ.

ದೊಡ್ಡಪ್ಪ: ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ತೇಗಕ್ಕೆ ಅಷ್ಟು ದುಡ್ಡು ಸುರಿಯೋ ಬದಲು ನಮ್ಮ ತೋಟದ ತೆಂಗಿನ ಮರಾನೇ ಕುಯ್ಸಬಹುದಿತ್ತಲ್ಲ? ಅಣಬೆ ರೋಗ ಬಂದು ಹೋದವು, ಬರಗಾಲದಲ್ಲಿ ಸುಳಿ ಬಿದ್ದು ಹೋದವು. ಎಷ್ಟು ಮರ ಇಟ್ಟಿಗೆ ಗೂಡಿಗೆ ಹೊತ್ತು ಹಾಕಿದ್ವಿ.

ಮಗಳು: ನಾನೂ ವಿಚಾರಿಸಿದೆ. ತೆಂಗಿನ ಹಲಗೆ ನೆಲ ಕೇರಳದಲ್ಲಿ, ಫಿಲಿಪೈನ್ಸಿನಲ್ಲಿ ಮಾಡ್ತಾರೆ. ಆದ್ರೆ ತೆಂಗು ತೇಗದಂಥ ಮರ ಅಲ್ಲ. ತೇಗ ವರ್ಷ ವರ್ಷಾನೂ ಉಂಗುರ ಉಂಗುರವಾಗಿ ದಪ್ಪ ಆಗುತ್ತೆ, ನಡುವೆ ಚೇಗು ಕಟ್ಟುತ್ತೆ. ತೆಂಗಿಗೆ ಉಂಗುರವೂ ಇಲ್ಲ, ಚೇಗೂ ಇಲ್ಲ, ಕೊಂಬೆ ಇಲ್ಲದ್ರಿಂದ ಗಂಟೂ ಇಲ್ಲ. ಗಟ್ಟಿ ಇರೋದೆಲ್ಲ ಹೊರಸುತ್ತಲ್ಲಿ, ಒಳಗೆ ಬರೀ ಮೆದು.

ದೊಡ್ಡಪ್ಪ: ಅದು ಗೊತ್ತಿರೋದೇ. ತೊಲೆಗೆ ಸೀಳಿಸುವಾಗ ತಿರುಳು ತೆಗೆದು ಬಿಸಾಡ್ತೀವಿ. ಬುಡದ ಕಡೆ ಕಪ್ಪು ಸೀಳು ಕಬ್ಬಿಣದಂಗಿರ್ತದೆ, ಗರಗಸದ ಹಲ್ಲೇ ಹೋಗ್ತದೆ. ತುದಿ ಕಡೆದು ಸೌದೆಗೂ ಆಗಲ್ಲ.

ಮಗಳು: ಅದಕ್ಕೇ ಅರವತ್ತು ವರ್ಷ ದಾಟಿದ ಮರ ಬೇಕು, ಅದರಲ್ಲೂ ಬುಡದ ಭಾಗ. ಕುಯ್ದ ತಕ್ಷಣ ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ನೆನೆಸ್ಬೇಕು, ಇಲ್ಲಾಂದ್ರೆ ಹುಳ, ಬೂಷ್ಟು. ಆಮೇಲೆ ನಿಧಾನಕ್ಕೆ ಒಣಗಿಸ್ಬೇಕು. ನಮ್ಮ ಬಿದ್ದ ಮರಗಳು ರೋಗದವು, ಅಣಬೆ ಬುಡಾನೇ ತಿಂದಿತ್ತು. ಗಟ್ಟಿ ಇರಬೇಕಾದ ಕಡೆಯೇ ಪೊಳ್ಳು.

ದೊಡ್ಡಪ್ಪ: ಅದೂ ಸರಿ. ಗೆದ್ದಲು? ನಮ್ಮ ಕೆಂಪು ಮಣ್ಣಿನ ಗೆದ್ದಲು ಮಹಡಿಗೂ ಹತ್ತತದೆ.

ಮಗಳು: ತೇಗದ ಚೇಗಲ್ಲಿ ಎಣ್ಣೆ ಇದೆ, ಟೆಕ್ಟೋಕ್ವಿನೋನ್ ಅನ್ನೋ ವಸ್ತು ಇದೆ, ಗೆದ್ದಲಿಗೆ ಆಗಿಬರಲ್ಲ. ಆದ್ರೆ ತೊಗಟೆ ಬದಿಯ ಬಿಳಿ ಮರಕ್ಕೆ ಆ ರಕ್ಷೆ ಇಲ್ಲ. ಕಟ್ಟು ಬಿಚ್ಚಿ ಒಂದೊಂದೇ ಹಲಗೆ ತಿರುಗಿಸಿ ನೋಡಿ, ಬಿಳಿ ಪಟ್ಟಿ ಅಗಲ ಇರೋದನ್ನ ಬೇರೆ ಇಡ್ಬೇಕು.

ದೊಡ್ಡಪ್ಪ: ಅದು ನನಗೆ ಬಿಡು. ಕೊಬ್ಬರಿ ಆರಿಸಿ ಆರಿಸಿ ಕಣ್ಣು ಪಳಗೈತೆ. ನೀನು ಬೆಂಗಳೂರಿಗೆ ಹೋಗಿ ಬರೋದ್ರೊಳಗೆ ಮೂರು ರಾಶಿ ಮಾಡಿರ್ತೀನಿ: ಕೋಣೆ ನಡುವಿಗೆ ಆಗೋದು, ಮಂಚದ ಕೆಳಗೆ ಆಗೋದು, ತುಂಡು ಮಾಡೋಕೆ ಆಗೋದು.

(ಸಂಕ್ರಾಂತಿ ಕಳೆದು ಎರಡು ವಾರ. ಹಬ್ಬದ ಮಾರನೇ ದಿನ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೆ ನಡೆದಿತ್ತು, ಹನಿ ಇರಲಿಲ್ಲ. ಅಂದೇ ಹಲಗೆ ಮೇಲಕ್ಕೆ ಹೋಗಿತ್ತು.)

ಮಗಳು: ಗೋಡೆ ಮೇಲೆ ಇದೇನು ದೊಡ್ಡಪ್ಪ, ಸೀಮೆಸುಣ್ಣದಲ್ಲಿ ಸಾಲು ಸಾಲು ಅಂಕಿ?

ದೊಡ್ಡಪ್ಪ: ನಿನ್ನ ಮೀಟರ್ ಬಿಟ್ಟು ಹೋಗಿದ್ಯಲ್ಲ. ಮೂರು ದಿನಕ್ಕೊಂದ್ಸಲ ಅದೇ ಮೂರು ಹಲಗೆಗೆ ಚುಚ್ಚಿ ಬರೆದಿದೀನಿ. ಮೊದಲ ವಾರ 12, 11, 12. ಆಮೇಲೆ 11, 10, 11. ಈಗ ಆರು ದಿನದಿಂದ ಅಲ್ಲಾಡಿಲ್ಲ. 10, 10, 11.

ಮಗಳು: ಅಲ್ಲಾಡದೆ ಇರೋದೇ ನಮಗೆ ಬೇಕಾದ ಗುರುತು! ಹದಿನೈದು ದಿನ ಅಂತ ಪುಸ್ತಕದಲ್ಲಿ ಬರೆದಿರ್ತಾರೆ, ಹಲಗೆಗೆ ಕ್ಯಾಲೆಂಡರ್ ಗೊತ್ತಿಲ್ಲ. ಅಂಕಿ ನಿಂತ ದಿನ ಮರ ಈ ಕೋಣೆಯದ್ದಾಯ್ತು. ಭಾರತೀಯ ಮಾನಕದ ಐಎಸ್ 287 ದೇಶವನ್ನ ನಾಲ್ಕು ಹವಾವಲಯ ಮಾಡಿ, ಯಾವ ವಲಯದಲ್ಲಿ ಮರ ಎಷ್ಟು ಒಣಗಿರಬೇಕು ಅಂತ ಹೇಳುತ್ತೆ. ಕೇರಳದ ಕರಾವಳಿಗೆ ಒಗ್ಗೋ ಹಲಗೆ ತಿಪಟೂರಿನ ಬೇಸಿಗೆಗೆ ಒಗ್ಗಲ್ಲ.

ದೊಡ್ಡಪ್ಪ: ಉಂಡೆ ಕೊಬ್ಬರೀನೂ ಹಂಗೇ ಅಲ್ವಾ? ಕರಾವಳೀಲಿ ಕಾಯಿ ಒಡೆದು ಬಿಸಿಲಿಗೆ ಹಾಕ್ತಾರೆ, ಎಣ್ಣೆಗೆ ಹೋಗ್ತದೆ. ಇಡೀ ಕಾಯಿ ಅಟ್ಟದಲ್ಲಿ ವರ್ಷ ಒಣಗೋಕೆ ನಮ್ಮಂಥ ಒಣಹವೆ ಬೇಕು. ಸರಿ, ಗೋಡೆ ಹತ್ರದ ಸಂದಿನ ಲೆಕ್ಕ ಹೇಳ್ತೀನಿ ಅಂದಿದ್ದೆ.

ಮಗಳು: ಹಲಗೆ ಅಗಲ ನಾಲ್ಕಿಂಚು. ಕೋಣೆ ಅಗಲ 12 ಅಡಿ, ಅಂದ್ರೆ 144 ಇಂಚು. ಎಷ್ಟು ಸಾಲು?

ದೊಡ್ಡಪ್ಪ: ಮೂವತ್ತಾರು.

ಮಗಳು: ಈಗ ಮಾಘ, ಹಲಗೆ ಒಣಗಿದೆ. ಶ್ರಾವಣ ಭಾದ್ರಪದಕ್ಕೆ ತೇವ ಮೂರು ಅಂಕಿ ಏರಿದ್ರೆ ನಾಲ್ಕಿಂಚಿನ ತೇಗ ಅರ್ಧ ಮಿಲಿಮೀಟರ್ ಅಗಲ ಆಗುತ್ತೆ. ಉದ್ದಕ್ಕೆ ಬೆಳೆಯೋದು ಲೆಕ್ಕಕ್ಕೇ ಇಲ್ಲ, ಬೆಳೆಯೋದು ಅಡ್ಡಕ್ಕೆ.

ದೊಡ್ಡಪ್ಪ: ಅರ್ಧ ಮಿಲಿಮೀಟರ್ ಅಂದ್ರೆ ಉಗುರಿನಷ್ಟು. ಮೂವತ್ತಾರು ಅರ್ಧ ಹದಿನೆಂಟು ಮಿಲಿಮೀಟರ್. ಹೆಚ್ಚೂ ಕಮ್ಮಿ ಮುಕ್ಕಾಲು ಇಂಚು! ಜಾಗ ಇಲ್ಲದಿದ್ರೆ?

ಮಗಳು: ಗೋಡೆಗೆ ಒತ್ತಿ ನಡುವೆ ಗುಡ್ಡದ ಹಾಗೆ ಏಳುತ್ತೆ. ಅದಕ್ಕೇ ಎರಡೂ ಬದಿ ಹನ್ನೆರಡು ಹನ್ನೆರಡು ಮಿಲಿಮೀಟರ್ ಬಿಡೋದು. ಆ ಸಂದಿನ ಮೇಲೆ ಮರದ ಪಟ್ಟಿ ಬರುತ್ತೆ. ಪಟ್ಟೀನ ಗೋಡೆಗೆ ಬಡೀಬೇಕು, ನೆಲಕ್ಕಲ್ಲ. ಅಡಿಯಲ್ಲಿ ಹಲಗೆ ಓಡಾಡ್ಕೊಂಡಿರುತ್ತೆ.

ದೊಡ್ಡಪ್ಪ: ಹನ್ನೆರಡು ಮಿಲಿಮೀಟರ್ ದಪ್ಪಕ್ಕೆ ತೆಂಗಿನ ದಬ್ಬೆ ತುಂಡು ಹೆರೆದಿಟ್ಟಿದೀನಿ, ಇಪ್ಪತ್ತು ಅವೆ. ಮೊದಲ ಸಾಲು ಹಾಸುವಾಗ ಗೋಡೆಗೂ ಹಲಗೆಗೂ ನಡುವೆ ಕೊಟ್ಟು, ಕೊನೆಗೆ ಕಿತ್ಕೊಂಡ್ರಾಯ್ತು. ತೆಂಗಿನ ಮರಾನೂ ನಿನ್ನ ನೆಲಕ್ಕೆ ಕೆಲಸಕ್ಕೆ ಬಂತು ನೋಡು.

ಮಗಳು: ರಾಶಿ ಮಾಡಿದ್ದು?

ದೊಡ್ಡಪ್ಪ: ಅಗೋ. ಬಣ್ಣ ನೋಡಿದೆ, ಒಂದು ಕಟ್ಟು ಕೆಂಪಗೆ, ಇನ್ನೊಂದು ಹಳದಿ. ಕಟ್ಟು ಕಟ್ಟಾಗೇ ಹಾಸಿದ್ರೆ ನೆಲ ಬಣ್ಣದ ಪಟ್ಟೆಪಟ್ಟೆ ಆಗೋದು. ಎಲ್ಲಾ ಕಲಸಿ ಇಟ್ಟಿದೀನಿ. ಸೊಟ್ಟಗಿರೋವು ಹನ್ನೊಂದು, ಅವನ್ನ ತುಂಡು ಮಾಡಿ ಸಾಲಿನ ತುದಿಗೆ ಬಳಸ್ಲಿ. ಬಿಳಿ ಮರ ಜಾಸ್ತಿ ಇರೋವು ಐದು, ಅವು ಹೊರಗೆ.

ಮಗಳು: ಪಕ್ಕಪಕ್ಕದ ಸಾಲಿನ ಕೊನೆ ಜೋಡಣೆ ಒಂದೇ ನೇರಕ್ಕೆ ಬರಬಾರದು, ಗೇಣಷ್ಟಾದ್ರೂ ಆಚೀಚೆ ಇರಬೇಕು. ಮೊಳೆ ಹೊಡೆಯೋಕೆ ಮುಂಚೆ ನಾಲ್ಕೈದು ಸಾಲು ಸುಮ್ಮನೆ ಜೋಡಿಸಿ ನೋಡ್ಬೇಕು.

ದೊಡ್ಡಪ್ಪ: ಇಟ್ಟಿಗೆ ಕಟ್ಟೋರೂ ಹಂಗೇ ಸಂದು ತಪ್ಪಿಸ್ತಾರೆ. ಹಾಸಿದ ಮೇಲೆ ಏನು ಬಳೀತಾರೆ? ಕೊಬ್ಬರಿ ಎಣ್ಣೆಗೆ ನಮ್ಮನೇಲಿ ಬರ ಇಲ್ಲ.

ಮಗಳು: ಕೊಬ್ಬರಿ ಎಣ್ಣೆ ಒಣಗೋ ಜಾತಿಯದ್ದಲ್ಲ ದೊಡ್ಡಪ್ಪ. ವರ್ಷ ಆದ್ರೂ ಜಿಡ್ಡಾಗೇ ಇರುತ್ತೆ, ಧೂಳು ಹಿಡಿಯುತ್ತೆ, ಕೊನೆಗೆ ಕೌಟು ವಾಸನೆ. ಅಗಸೆ ಎಣ್ಣೆ ಆದ್ರೆ ಗಾಳಿ ಕುಡಿದು ಗಟ್ಟಿ ಪೊರೆ ಕಟ್ಟುತ್ತೆ. ಆದ್ರೆ ಒಂದು ಎಚ್ಚರ. ಆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಎಸೆಯಬಾರದು, ತನಗೆ ತಾನೇ ಬಿಸಿಯಾಗಿ ಹೊತ್ಕೊಳ್ಳುತ್ತೆ.

ದೊಡ್ಡಪ್ಪ: ಶಿವನೇ! ಹಿತ್ತಿಲ ತುಂಬಾ ಮಟ್ಟೆ, ನಾರು, ಕಂಟ. ಬೆಂಕಿ ಬಿದ್ರೆ ಊರೇ ಉರೀತದೆ.

ಮಗಳು: ಬಟ್ಟೇನ ಬಕೆಟ್ ನೀರಲ್ಲಿ ಅದ್ದಿ, ಆಮೇಲೆ ಬಿಡಿಸಿ ಹರಡಿ ಒಣಗಿಸಬೇಕು. ಆಚಾರ್ರಿಗೂ ಹೇಳ್ತೀನಿ.

ದೊಡ್ಡಪ್ಪ: ನಿಮ್ಮ ದೊಡ್ಡಮ್ಮನಿಗೂ ಒಂದು ಮಾತು ಹೇಳು. ಯುಗಾದಿಗೆ ಮನೆಯೆಲ್ಲ ಬಿಂದಿಗೆ ಬಿಂದಿಗೆ ನೀರು ಹೊಯ್ದು ತೊಳೀತಾಳೆ. ಮೇಲಿನ ಕೋಣೆಗೆ ಒದ್ದೆ ಬಟ್ಟೆ ಹಿಂಡಿ ಒರೆಸೋದು ಅಷ್ಟೇ ಅಂತ.

ಮಗಳು: ಅದನ್ನ ನೀವೇ ಹೇಳಿ!

ದೊಡ್ಡಪ್ಪ: ನಾನಾ? ಬೇಡ, ಅಂಕಿ ತೋರ್ಸೋ ಯಂತ್ರ ನಿನ್ನ ಕೈಲೈತೆ, ನಿನ್ನ ಮಾತೇ ನಡೀಲಿ. ಒಂದು ಮಾತ್ರ ನನಗೆ ಈಗ ಅರ್ಥ ಆಯ್ತು ನೋಡು. ನೆಲ ಹಾಸೋದು ಅಂದ್ರೆ ಎರಡು ದಿನದ ಕೆಲಸ ಅಂತಿದ್ರು ಆಚಾರ್ರು. ಅವರು ಹೇಳಿದ್ದು ಮೊಳೆ ಲೆಕ್ಕ. ಲಾರಿ ಬಂದು ಮೂರು ತಿಂಗಳಾಗ್ತಾ ಬಂತು. ಎಣಿಸಿದ್ದು, ನೆನೆದಿದ್ದು ಬೇರೆ ಇಟ್ಟಿದ್ದು, ಗಾರೆ ಆರಿಸಿದ್ದು, ಹೊಸ್ತಿಲು ಅಳೆದದ್ದು, ಇವೆಲ್ಲ ಸೇರಿ ನೆಲ. ಅಟ್ಟದ ಕೆಲಸಾನೂ ಇಷ್ಟೇ. ಕಾಯಿ ಒಡೆಯೋದು ಒಂದು ಏಟು, ವರ್ಷವೆಲ್ಲ ಅಲ್ಲಾಡಿಸಿ ನೋಡಿದ್ದೇ ಕೆಲಸ.

ಮಗಳು: ಇನ್ನೊಂದ್ಸಲ ಚುಚ್ಚಿ ನೋಡ್ಲಾ?

ದೊಡ್ಡಪ್ಪ: ನೋಡು. ಎಷ್ಟು?

ಮಗಳು: 10, 10, 11.

ದೊಡ್ಡಪ್ಪ: ಆಚಾರ್ರಿಗೆ ಫೋನ್ ಮಾಡು. ಗುರುವಾರ ಬೆಳಿಗ್ಗೆ ಬರ್ಲಿ. ಮೊದಲ ಸಾಲಿಗೆ ದಾರ ಕಟ್ಟಿ ಇಟ್ಟಿರ್ತೀನಿ.